ನಂಬರಿಲ್ಲದ ನೀಲಿ ಕೋಟು

ತಂಗಿ ಕಾಣೆಯಾಗಿದ್ದಾಳೆ ಎಂದು ದೂರು ಕೊಡಲು ಹೋದಾಗ ಠಾಣೆಯಲ್ಲಿ ಅವಳದೊಂದು ಫೋಟೋ ಕೇಳಿದರು. ನೂರಾ ಎಂಬತ್ತು ಫೋಟೋ ಇದ್ದ ಆಲ್ಬಮ್ಮನ್ನೇ ಮೇಜಿನ ಮೇಲಿಟ್ಟೆ. ಒಂದೂ ಕೆಲಸಕ್ಕೆ ಬರಲಿಲ್ಲ.

ಮೇಜಿನಾಚೆ ಕೂತಿದ್ದ ಮಹಿಳಾ ಪೇದೆ ಮೊದಲ ಹಾಳೆ ತಿರುವಿದಳು. ಬಿಳಿ ಉಡುಪಿನ ನರ್ಸ್.

"ಇದ್ಯಾರು?"

"ನನ್ನ ತಂಗಿ."

ಮುಂದಿನದು ಕೆನ್ನೆ ತುಂಬ ಬಣ್ಣ ಬಳಿದುಕೊಂಡ ನಟಿ. "ಇದು?"

"ಇದೂ ಅವಳೇ."

ಆಮೇಲೆ ತುಂಬು ಗರ್ಭಿಣಿ, ಫೈಲು ಹಿಡಿದ ಗುಮಾಸ್ತೆ, ಹಲ್ಲಿಲ್ಲದ ಮುದುಕಿ. ಪೇದೆ ಆಲ್ಬಮ್ ಮುಚ್ಚಿ ನನ್ನ ಮುಖ ನೋಡಿದಳು. "ಅಮ್ಮಾ, ನಿಮಗೆ ಒಟ್ಟು ಎಷ್ಟು ಜನ ತಂಗಿಯರು?"

"ಒಬ್ಬಳೇ. ಅವಳೊಬ್ಬಳೇ ಸಾಕಾಗಿದೆ ನಂಗೆ" ಎಂದೆ. ಬಾಯಿ ಜಾರಿತು. ನನ್ನ ಬಾಯಿಯ ಹಣೆಬರಹವೇ ಅಷ್ಟು. ಆ ಬಾಯಿಯಿಂದಲೇ ಅವಳು ಮನೆ ಬಿಟ್ಟು ಹೋದದ್ದು.

ನಂದು ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿ. ನಾಟಕದವರು, ಶಾಲೆಯವರು, ಸಿನಿಮಾದ ಸಣ್ಣಪುಟ್ಟ ಪಾತ್ರದವರು ಬರುತ್ತಾರೆ. ಇನ್ನೂರಾ ಹನ್ನೆರಡು ಉಡುಪುಗಳಿವೆ. ಪ್ರತಿಯೊಂದರ ಕತ್ತುಪಟ್ಟಿಯ ಒಳಗೆ ಬಿಳಿ ಬಟ್ಟೆಯ ಚೂರಿನಲ್ಲಿ ನಂಬರು ಹೊಲಿದಿದ್ದೇನೆ. ನಂಬರಿಲ್ಲದೆ ನನ್ನ ಅಂಗಡಿಯಿಂದ ಒಂದು ಗುಂಡಿಯೂ ಆಚೆ ಹೋಗುವುದಿಲ್ಲ ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ತಂಗಿಯನ್ನು ಮನೆಯಲ್ಲಿ ಗುಬ್ಬಿ ಅನ್ನುತ್ತೇವೆ. ಮೂವತ್ತೇಳು ವಯಸ್ಸಾದರೂ ಗುಬ್ಬಿಯೇ. ಅಂಗಡಿಯ ಹಿಂದಿನ ಕೋಣೆ ಅವಳದು. ಗೋಡೆಗೊಂದು ಬೂದು ಪರದೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ, ಎರಡು ದೀಪ. ಸಂಜೆ ಅಂಗಡಿಯ ಉಡುಪೊಂದನ್ನು ತೊಟ್ಟು, ವಿಗ್ಗು ಹಾಕಿ, ಬಣ್ಣ ಬಳಿದು, ಕ್ಯಾಮೆರಾದ ಮುಂದೆ ತಾನೇ ನಿಂತು ತಾನೇ ಕ್ಲಿಕ್ಕಿಸಿಕೊಳ್ಳುತ್ತಿದ್ದಳು. ರಿಮೋಟು ಎಡಗೈಯ ಮುಷ್ಟಿಯಲ್ಲಿರುತ್ತಿತ್ತು. ಆದ್ದರಿಂದ ಯಾವ ಫೋಟೋದಲ್ಲೂ ಅವಳ ಎಡಗೈ ಬಿಚ್ಚಿರುವುದಿಲ್ಲ. ನರ್ಸಿನದು ಬೆನ್ನ ಹಿಂದೆ, ಗರ್ಭಿಣಿಯದು ಹೊಟ್ಟೆಯ ಕೆಳಗೆ, ಮುದುಕಿಯದು ಶಾಲಿನೊಳಗೆ.

ಹುಚ್ಚಾಟ ಅಂದುಕೊಂಡಿದ್ದೆ. ಒಂದು ದಿನ ಚಿತ್ರಶಾಲೆಯವರು ಬಂದು ನೋಡಿ, ಪ್ರದರ್ಶನ ಮಾಡೋಣ ಅಂದುಬಿಟ್ಟರು. ಅಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಅವರದೊಂದು ಕೋರಿಕೆಯಿತ್ತು: ಬಾಗಿಲಿನ ಪಕ್ಕ ಕಲಾವಿದೆಯದೇ ಒಂದು ಫೋಟೋ ಬೇಕು. ವೇಷ ಬೇಡ, ಬಣ್ಣ ಬೇಡ. ಅವಳು ಅವಳಾಗಿರುವ ಫೋಟೋ.

ಅಲ್ಲಿ ಸಿಕ್ಕಿಕೊಂಡಳು ನೋಡಿ. ಮೂರು ದಿನ ತನ್ನದೇ ಹಳೇ ಸ್ವೆಟರ್ ಹಾಕಿಕೊಂಡು ಕ್ಯಾಮೆರಾದ ಮುಂದೆ ಕೂತಳು. ಮೂರು ದಿನವೂ ಒಂದೇ ಒಂದು ಕ್ಲಿಕ್ ಆಗಲಿಲ್ಲ. ಊಟ ಬಿಟ್ಟಳು. ಸೋಮವಾರ ಸಂಜೆ ನಾನು ಹೋಗಿ ನೋಡಿದರೆ ಸ್ಟೂಲಿನ ಮೇಲೆ ಹಾಗೇ ಕೂತಿದ್ದಾಳೆ.

"ಅಕ್ಕಾ, ಕೈಯನ್ನ ಹೇಗೆ ಇಟ್ಕೋಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದಳು.

ಅವತ್ತು ನಾಟಕದವರು ಒಯ್ದಿದ್ದ ಹದಿನೆಂಟು ಉಡುಪು ಹರಿದು ವಾಪಸ್ ಬಂದಿದ್ದವು. ತಲೆ ಕೆಟ್ಟಿತ್ತು. "ಕೈ ಇಟ್ಕೊಳ್ಳೋಕೂ ಪಾಠ ಹೇಳಿಕೊಡಬೇಕೇನೇ? ವೇಷ ಕಳಚಿಟ್ರೆ ನೀನು ಯಾರೂ ಅಲ್ಲ, ಅದಕ್ಕೇ ಫೋಟೋದಲ್ಲಿ ಏನೂ ಬರಲ್ಲ" ಅಂದೆ. ಅವಳು ಅಳಲಿಲ್ಲ. ಹೌದಲ್ಲ ಎನ್ನುವಂತೆ ತಲೆಯಾಡಿಸಿದಳು. ನಾನು ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ.

ಮಂಗಳವಾರ ಬೆಳಿಗ್ಗೆ ಅವಳಿಲ್ಲ. ಫೋನು ಸ್ಟೂಲಿನ ಮೇಲಿತ್ತು, ಸ್ವೆಟರು ಮಡಿಸಿ ಅದರ ಪಕ್ಕದಲ್ಲಿತ್ತು.

ಠಾಣೆಗೆ ಅಮ್ಮನೂ ಬಂದಿದ್ದಳು. ಆಲ್ಬಮ್ಮಿನಿಂದ ಮದುವಣಗಿತ್ತಿಯ ಫೋಟೋ ಎತ್ತಿ, "ಇದನ್ನೇ ಕೊಡು, ಲಕ್ಷಣವಾಗಿದಾಳೆ" ಅಂದಳು. ಗುಬ್ಬಿಗೆ ಮದುವೆಯೇ ಆಗಿಲ್ಲ. ಅಮ್ಮನಿಗೆ ಆ ಫೋಟೋ ಕಂಡರೆ ಮಾತ್ರ ಸಮಾಧಾನ.

"ಇದನ್ನ ಹಾಕಿದ್ರೆ ಮಂಟಪದಿಂದ ಓಡಿಹೋದೋಳು ಅಂದ್ಕೋತಾರಮ್ಮ" ಎಂದಳು ಪೇದೆ. ಗುರುತಿನ ಚೀಟಿಯ ಫೋಟೋ ಹದಿನೈದು ವರ್ಷ ಹಳೆಯದು, ಅದರಲ್ಲಿ ಮೂಗು ಯಾವುದು ಬಾಯಿ ಯಾವುದು ತಿಳಿಯುವುದಿಲ್ಲ. ಕೊನೆಗೆ ಪೇದೆ ಬೇಸರದಿಂದ ಕೇಳಿದಳು: "ಹೋಗ್ಲಿ, ಯಾವ ಬಟ್ಟೆ ಹಾಕ್ಕೊಂಡು ಹೋದ್ರು, ಅದನ್ನಾದ್ರೂ ಹೇಳಿ."

ಅದು ನನ್ನ ಕೈಲಾಗುವ ಕೆಲಸ. ಈ ಚಳಿಯಲ್ಲಿ ಸ್ವೆಟರು ಬಿಟ್ಟು ಹೋಗಿದ್ದಾಳೆ ಅಂದರೆ ಮೈಮೇಲೆ ಅಂಗಡಿಯ ಯಾವುದೋ ವೇಷ ತೊಟ್ಟೇ ಹೋಗಿದ್ದಾಳೆ. ನಂಬರು ನೋಡಿದರೆ ಸಾಕು, ಯಾವುದಿಲ್ಲವೋ ಅದು ಅವಳ ಮೈಮೇಲಿದೆ. ಬುಧವಾರವೆಲ್ಲ ಅಂಗಡಿಯ ಬಾಗಿಲು ಹಾಕಿಕೊಂಡು ಎಣಿಸಿದೆ. ಒಂದರಿಂದ ಇನ್ನೂರಾ ಹನ್ನೆರಡರವರೆಗೆ ಒಂದೂ ಕಡಿಮೆ ಇರಲಿಲ್ಲ. ಮತ್ತೆ ಎಣಿಸಿದೆ. ಎಲ್ಲವೂ ಇದ್ದವು.

ಹಾಗಾದರೆ ಏನು ಹಾಕಿಕೊಂಡು ಹೋದಳು? ಊರಾಚೆಯ ಕಾಲುವೆ ನೆನಪಾಯಿತು. ರೈಲು ಹಳಿ ನೆನಪಾಯಿತು. ಬೇಡದ್ದೆಲ್ಲ ಸಾಲಾಗಿ ಬಂತು. ಅಮ್ಮ ಒಳಗಿನಿಂದ "ಸಿಕ್ತೇನೇ?" ಎಂದು ಕೂಗಿದಾಗಲೆಲ್ಲ "ಇನ್ನೊಂದ್ಸಲ ನೋಡ್ತೀನಿ" ಅನ್ನುತ್ತಿದ್ದೆ.

ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಚಳಿಯಾಯಿತು. ಎರಡು ದಿನದಿಂದ ನಾನು ಗುಬ್ಬಿಯ ಆ ಹಳೇ ಸ್ವೆಟರನ್ನೇ ಹಾಕಿಕೊಂಡು ಓಡಾಡುತ್ತಿದ್ದೇನೆ ಎಂಬುದು ಆಗ ಗಮನಕ್ಕೆ ಬಂತು. ಯಾಕೆ? ನನ್ನ ಕೆಲಸದ ಕೋಟು ಎಲ್ಲಿ? ಬಾಗಿಲ ಹಿಂದಿನ ಮೊಳೆ ನೋಡಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ನೇತಾಡುತ್ತಿದ್ದ ನೀಲಿ ಕೋಟು, ಜೇಬಿನಲ್ಲಿ ಅಳತೆ ಟೇಪು, ಎದೆಯ ಮೇಲೆ ಗುಂಡುಸೂಜಿಗಳು. ಮೊಳೆ ಬರಿದಾಗಿತ್ತು. ಡಬ್ಬಿಯಲ್ಲಿ ನನ್ನ ಹಳೇ ಕನ್ನಡಕವೂ ಇರಲಿಲ್ಲ.

ಅಯ್ಯೋ ನನ್ನ ಬುದ್ಧಿಗಿಷ್ಟು! ನನ್ನ ಕೋಟಿಗೆ ನಾನು ಯಾವತ್ತೂ ನಂಬರು ಹಾಕಿರಲಿಲ್ಲ. ಅದೂ ಒಂದು ವೇಷ ಎಂದು ನನಗೆ ಹೊಳೆದೇ ಇರಲಿಲ್ಲ.

ಕ್ಯಾಮೆರಾ ತೆಗೆದು ನೋಡಿದೆ. ಸೋಮವಾರದ ಕೊನೆಯ ಹತ್ತು ಫೋಟೋಗಳಿದ್ದವು. ನಾನು ಉಂಡು ಮಲಗಿದ ಮೇಲೆ ತೆಗೆದವು. ಕೂದಲು ಹಿಂದಕ್ಕೆ ಎಳೆದು ಕಟ್ಟಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಯಾರನ್ನೋ ಬೈಯಲು ತಯಾರಾಗಿರುವ ಹೆಂಗಸು. ಎಡಗೈ ಕೋಟಿನ ಜೇಬಿನೊಳಗೆ. ನಾನೇ. ನನ್ನ ಮುಖ ಇಷ್ಟು ಕೆಟ್ಟದಾಗಿ ಸಿಡುಕುತ್ತದೆ ಎಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗಿತ್ತು?

ಅಲ್ಲಿಂದ ಮುಂದೆ ಯೋಚಿಸಬೇಕಾಗಲಿಲ್ಲ. ಅವಳು ನಾನಾಗಿ ಹೋಗಿದ್ದರೆ ನಾನು ಹೋಗುವಲ್ಲಿಗೇ ಹೋಗಿರಬೇಕು. ಮೊದಲು ಗುಂಡಿ ಅಂಗಡಿಗೆ ಓಡಿದೆ. ಅಂಗಡಿಯವನು ನನ್ನನ್ನು ನೋಡಿ ಹುಬ್ಬೇರಿಸಿದ.

"ಮೊನ್ನೆ ತಾನೇ ಬಂದಿದ್ರಲ್ಲ ಮೇಡಂ? ಕಪ್ಪು ದಾರ ತಗೊಂಡ್ರಿ. ಆವತ್ತು ಹುಷಾರಿರಲಿಲ್ವಾ?"

"ಯಾಕೆ?"

"ನಂಗೆ ಬೈಲೇ ಇಲ್ಲ" ಎಂದ. "ಕೊಟ್ಟಿದ್ದು ತಗೊಂಡು, ಥ್ಯಾಂಕ್ಸ್ ಅಂತ ಬೇರೆ ಹೇಳಿದ್ರಿ. ಇವರಿಗೇನೋ ಆಗಿದೆ ಅಂತ ನಮ್ಮನೆಯವಳ ಹತ್ರ ಹೇಳ್ದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಪ್ಪು ದಾರ ನಾನು ಕೊಳ್ಳುವುದು ನಾಟಕಮಂದಿರದ ಕೆಲಸಕ್ಕೆ ಮಾತ್ರ. ಬಾಡಿಗೆ ಉಡುಪಲ್ಲದೆ, ಅವರ ಸ್ವಂತ ಬಟ್ಟೆಗಳ ರಿಪೇರಿಗೆ ವಾರಕ್ಕೊಮ್ಮೆ ನಾನೇ ಅಲ್ಲಿಗೆ ಹೋಗುತ್ತೇನೆ. ಗುಬ್ಬಿ ಆ ಕಡೆ ಒಮ್ಮೆಯೂ ತಲೆ ಹಾಕಿದವಳಲ್ಲ. ಅದಕ್ಕೇ ಅಲ್ಲಿ ಹುಡುಕಬೇಕು ಎಂದು ಅನಿಸಿರಲಿಲ್ಲ.

ಬಟ್ಟೆ ಕೋಣೆಯ ಉಸ್ತುವಾರಿಯ ಮುದುಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಬಂದ್ಯಾ? ನಿನ್ನ ತಂಗಿ ಒಳಗಿದಾಳೆ" ಎಂದಳು.

"ಗೊತ್ತಾಯ್ತಾ ನಿಮಗೆ, ಅವಳು ಅಂತ?"

"ಮೊದಲನೇ ಹೊಲಿಗೆಗೇ ಗೊತ್ತಾಯ್ತು. ಅಷ್ಟು ದರಿದ್ರವಾಗಿ ನೀನು ಹೊಲಿಯಲ್ಲ. ಮುಖ ಮಾತ್ರ ನಿನ್ನದೇ, ತಂಗೀನೇ ಇರಬೇಕು ಅಂದ್ಕೊಂಡೆ. ನೀನೇ ಕಳಿಸಿದ್ದೀಯ, ಕೆಲಸ ಕಲೀಲಿ ಅಂತ ಸುಮ್ಮನಿದ್ದೆ. ಎರಡು ರಾತ್ರಿ ಪರದೆಗಳ ಮೇಲೇ ಮಲಗಿದಾಳೆ. ನಿಮ್ಮ ಮನೇಲಿ ಮಂಚ ಇಲ್ವಾ?"

ನಾನು ಬಾಗಿಲು ತಳ್ಳಿದೆ. ಕಿಟಕಿಯ ಬಳಿ, ರಾಶಿ ಬಟ್ಟೆಯ ನಡುವೆ, ನೀಲಿ ಕೋಟು ನನಗೆ ಬೆನ್ನು ಮಾಡಿ ಕೂತಿತ್ತು. ಬೆನ್ನು ಕೂಡ ನನ್ನದೇ, ಎಡ ಭುಜ ಸ್ವಲ್ಪ ಕೆಳಗೆ. ಹೆಜ್ಜೆಯ ಸದ್ದಿಗೆ ತಿರುಗದೆಯೇ ಅವಳು ಅಂದಳು: "ಬಾಗಿಲು ಹಾಕು. ಧೂಳು ಬರುತ್ತೆ."

ನನ್ನ ದನಿ.

"ಗುಬ್ಬೀ..."

ಅವಳು ತಿರುಗಿದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ಎಡಗೈ ಜೇಬಿನೊಳಗೇ ಇತ್ತು. ಪಕ್ಕದಲ್ಲಿ ಕೂತು ಆ ಕೈಯನ್ನು ಹೊರಗೆ ಎಳೆದೆ. ಮುಷ್ಟಿಯಲ್ಲಿ ರಿಮೋಟು. ಕ್ಯಾಮೆರಾ ಮನೆಯಲ್ಲಿತ್ತು, ಇವಳು ಇಲ್ಲಿ ಅದನ್ನು ಹಿಡಿದು ಕೂತಿದ್ದಳು.

"ನೀನು ಹೇಳಿದ್ದು ಸರಿ ಅಕ್ಕಾ" ಎಂದಳು ಮೆಲ್ಲಗೆ, ಈಗ ತನ್ನ ದನಿಯಲ್ಲಿ. "ಎಲ್ಲಾ ಕಳಚಿ ನೋಡ್ದೆ. ಯಾರೂ ಸಿಗಲಿಲ್ಲ. ಭಯ ಆಯ್ತು. ನೀನೊಬ್ಬಳೇ ನಮ್ಮನೇಲಿ ಯಾವಾಗ್ಲೂ ನೀನೇ ಆಗಿರೋಳು. ಸ್ವಲ್ಪ ದಿನ ನೀನಾಗಿರೋಣ ಅಂತ ಬಂದೆ."

"ನಾನೇನು ನಾನಾಗಿರ್ತೀನೇ ಮಂಕೇ!" ಬೈಯಲು ಹೊರಟ ಮಾತು ಅರ್ಧಕ್ಕೇ ಒಡೆಯಿತು. "ಅಪ್ಪ ತೀರಿಕೊಂಡ ವಾರ ಆ ಕೋಟು ಹಾಕ್ಕೊಂಡೆ, ಯಾರಾದ್ರೂ ಒಬ್ಬರು ಗಟ್ಟಿಯಾಗಿರಬೇಕಿತ್ತು ಅಂತ. ಆಮೇಲೆ ತೆಗೀಲೇ ಇಲ್ಲ. ನಿನ್ನದು ದಿನಕ್ಕೊಂದು ವೇಷ, ನಂದು ಇಪ್ಪತ್ತು ವರ್ಷಕ್ಕೂ ಒಂದೇ. ಅಷ್ಟೇ ಕಣೇ ವ್ಯತ್ಯಾಸ. ಆವತ್ತು ಆ ಮಾತು ಆಡಬಾರದಿತ್ತು. ತಪ್ಪಾಯ್ತು."

ನಾನು ಯಾರಿಗೂ ತಪ್ಪಾಯ್ತು ಅಂದವಳಲ್ಲ. ಅವಳಿಗೂ ಅದು ಗೊತ್ತು. ನಾನು ತೊಟ್ಟಿದ್ದ ತನ್ನ ಸ್ವೆಟರನ್ನೇ ಬಹಳ ಹೊತ್ತು ನೋಡಿದಳು. ತೋಳು ನನಗೆ ಗಿಡ್ಡವಾಗಿತ್ತು.

"ನಿಂಗೆ ಚೆನ್ನಾಗಿ ಕಾಣಲ್ಲ ಅದು" ಎಂದಳು.

"ಗೊತ್ತು."

ಠಾಣೆಗೆ ಫೋನು ಮಾಡಿದೆ. ಅದೇ ಪೇದೆ ಎತ್ತಿದಳು. ಸಿಕ್ಕಳು ಅಂದರೆ ಸಾಲದಂತೆ. ಆಲ್ಬಮ್ ನೋಡಿದ ಮೇಲೆ ಅವಳಿಗೆ ನಮ್ಮ ಮೇಲೆ ನಂಬಿಕೆಯೇ ಹೋಗಿತ್ತು. "ಫೋನು ಅವರ ಕೈಗೆ ಕೊಡಿ. ಅವರ ಬಾಯಿಂದಲೇ ಕೇಳಬೇಕು" ಎಂದಳು.

ಕೊಟ್ಟೆ. ಸಣ್ಣ ಕೋಣೆ, ಆಚೆಯ ದನಿ ನನಗೂ ಕೇಳುತ್ತಿತ್ತು.

"ಯಾರು ಮಾತಾಡ್ತಿರೋದು?"

ಗುಬ್ಬಿ ಬಾಯಿ ತೆರೆದಳು. ನನ್ನ ಮುಖ ನೋಡಿದಳು. ನಾನು ಹೇಳಿಕೊಡಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದೆ. ಪೇದೆ ಮತ್ತೆ ಕೇಳಿದಳು. ಗುಬ್ಬಿಯ ಎಡಗೈ ಜೇಬಿನ ಕಡೆ ಹೋಯಿತು, ರಿಮೋಟನ್ನು ಆಗಲೇ ನಾನು ತೆಗೆದಿಟ್ಟುಕೊಂಡಿದ್ದೆ. ಹುಡುಕಾಡಿದ ಆ ಕೈ ಕೊನೆಗೆ ನಾನು ತೊಟ್ಟಿದ್ದ ಸ್ವೆಟರಿನ ತೋಳನ್ನು ಹಿಡಿದುಕೊಂಡಿತು.

"ತಂಗಿ" ಎಂದಳು. "ಇವಳ ತಂಗಿ."

"ಅದು ಸರಿಯಮ್ಮ. ಹೆಸರು ಹೇಳಿ, ನೀವು ಯಾರು ಅಂತ ಬರ್ಕೋಬೇಕು."

"ಸದ್ಯಕ್ಕೆ ಅಷ್ಟೇ ಗೊತ್ತಿರೋದು" ಎಂದಳು ನನ್ನ ತಂಗಿ. "ಅಷ್ಟನ್ನೇ ಬರ್ಕೊಳ್ಳಿ."