ಅಮೀರಾ ಹುಡುಕಿದ ದನಿಗಳು

"ಇದೇನು ಹಚ್ಚೀದಿ ಬೇಟಾ, ಯಾರೋ ಅಳಾಕತ್ತಂಗ ಐತಿ!" ಬೇವಿನ ಮರದ ಟೊಂಗೆಯ ಮೇಲೆ ಕುಳಿತು ಮೈಕಿನ ಹಾರ್ನ್ ಬಿಗಿಯುತ್ತಿದ್ದ ಯೂಸುಫ ಅಲ್ಲಿಂದಲೇ ಕೂಗಿದ.

ಕೆಳಗೆ ಮೇಜಿನ ಮುಂದೆ ಆಂಪ್ಲಿಫೈಯರಿಗೆ ಫೋನು ಜೋಡಿಸಿಕೊಂಡು ಕುಳಿತಿದ್ದ ಮಗಳು ಅಮೀರಾ ಕತ್ತೆತ್ತಿದಳು. "ಅಳೂದಲ್ಲ ಅಬ್ಬಾ, ಆಲಾಪ ಅದು. ರಾಜಸ್ಥಾನದಾಕಿ. ದನಿ ಹೆಂಗ ಏರ್ತದ ಕೇಳು ಒಂದೀಟು."

"ದನಿ ಛಲೋನ ಐತಿ. ಆದ್ರ ಇದು ಕುಬಸದ ಮನಿ. ಮೊದಲ ದೇವರ ಹಾಡು ಹಚ್ಚು, ಆಮ್ಯಾಲ ನಿನ್ನ ರಾಜಸ್ಥಾನ."

ಮುಂಡರಗಿಯ ಯೂಸುಫನ ಮೈಕ್‌ಸೆಟ್ ಎಂದರೆ ಸುತ್ತಲಿನ ಹಳ್ಳಿಗಳಲ್ಲಿ ಒಳ್ಳೆಯ ಹೆಸರು. ಆ ದಿನ ಒಂದೇ ಹೊತ್ತಿಗೆ ಎರಡು ಕೆಲಸ ಬಂದಿದ್ದವು. ಹಿರೇವಡ್ಡಟ್ಟಿಯಲ್ಲಿ ಯಂಕಪ್ಪನ ಬಸುರಿ ಮಗಳು ಮಮತಾಳ ಕುಬಸ, ಮುಂಡರಗಿಯಲ್ಲಿ ಹೊಸ ಅಂಗಡಿಯೊಂದರ ಪೂಜೆ. ಇಂಥ ಹೊತ್ತಿನಲ್ಲಿ ಅಣ್ಣನ ಮಗ ಶಾಹಬಾಜನನ್ನು ಕೂರಿಸುವುದು ಯೂಸುಫನ ರೂಢಿ. ಈ ಸಲ ಅಮೀರಾ ಹಟ ಹಿಡಿದಿದ್ದಳು. ಡಿಗ್ರಿ ಎರಡನೇ ವರ್ಷದ ಹುಡುಗಿ, ವೈರು ಜೋಡಿಸುವುದನ್ನು ಅಪ್ಪನಷ್ಟೇ ಬಲ್ಲವಳು, ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ಮರದಿಂದಿಳಿದು ಬೈಕು ಹತ್ತುವಾಗ ಮಾತ್ರ ಎಚ್ಚರಿಸಿದ. "ಮಂದಿ ಹೆಸರಿಟ್ರಂದ್ರ ಮುಂದಿನ ಸಲ ಶಾಹಬಾಜನ್ನ ಕೂಡಸ್ತೇನಿ ನೋಡು."

ಅಮೀರಾಳಿಗೆ ಈ ದನಿಗಳ ಹುಚ್ಚು ಹಿಡಿದದ್ದು ಅಡುಗೆಮನೆಯಲ್ಲಿ. ಹಾಲು ಕಾಯಲಿಟ್ಟು ಫೋನಿನಲ್ಲಿ ಒಂದು ಹಾಡು ಹಚ್ಚಿದ್ದಳು. ಅದು ಮುಗಿದ ಮೇಲೆ ಫೋನು ತಾನಾಗಿಯೇ ಇನ್ನೊಂದನ್ನು ಹಚ್ಚಿತು. ಯಾರೋ ಹೆಣ್ಣುಮಗಳು, ಯಾವುದೋ ತಿಳಿಯದ ಭಾಷೆ. ಹಾಲು ಉಕ್ಕಿ ಒಲೆಯೆಲ್ಲ ಹರಿದು, ತಾಯಿ ಹಾಜಿರಾಬಿ ಬಂದು ಬೆನ್ನಿಗೊಂದು ಕೊಟ್ಟಾಗಲೇ ಅವಳಿಗೆ ಎಚ್ಚರ. ಅಂದಿನಿಂದ ಒಬ್ಬಳ ಬೆನ್ನು ಹಿಡಿದರೆ ಇನ್ನೊಬ್ಬಳು ಸಿಕ್ಕಳು, ಅವಳ ಬೆನ್ನಿಗೆ ಮತ್ತೊಬ್ಬಳು. ಕಛ್‌ನಲ್ಲಿ ಕಸೂತಿ ಹಾಕುತ್ತ ಹಾಡುವವಳು, ಅಸ್ಸಾಮಿನ ಚಹಾ ತೋಟದವಳು, ಹಲ್ಲೆಲ್ಲ ಉದುರಿದ ಮೇಲೂ ಸ್ವರ ಉದುರದ ಮೀರಜಿನ ಒಬ್ಬ ಮುದುಕಿ. ಗಂಡಸರ ಹಾಡನ್ನು ಅವಳು ಕೇಳುವುದನ್ನೇ ಬಿಟ್ಟಳು. ಲೋಕದಲ್ಲಿ ಇಷ್ಟು ಹೆಣ್ಣುಮಕ್ಕಳು ಇಷ್ಟು ಚೆಂದ ಹಾಡುತ್ತಿರುವಾಗ ಅದಕ್ಕೆಲ್ಲ ಪುರುಸೊತ್ತೆಲ್ಲಿ!

ಸಂಕಟವೆಂದರೆ, ಇದನ್ನು ಜೊತೆಗೆ ಕೇಳುವವರು ಯಾರೂ ಇರಲಿಲ್ಲ. ಹೊಸ ದನಿ ಸಿಕ್ಕ ಕೂಡಲೇ ಗೆಳತಿ ರುಹಿಗೆ ಕಳಿಸುತ್ತಿದ್ದಳು. ರುಹಿ ತಪ್ಪದೆ ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಮರಳಿಸುತ್ತಿದ್ದಳು.

"ಕೇಳಿದ್ಯೇನ?"

"ಹೂಂ, ಭಾರಿ ಐತಿ."

"ಯಾವುದು ಭಾಳ ಸೇರ್ತು?"

"ಎಲ್ಲಾ."

ಕೇಳಿಲ್ಲವೆಂದು ಇಬ್ಬರಿಗೂ ಗೊತ್ತು. ಅಮೀರಾಳಿಗೆ ಆಗ ಹಬ್ಬದ ಅಡುಗೆ ಮಾಡಿಟ್ಟು ಯಾರೂ ಉಣ್ಣಲು ಬಾರದಂತೆ ಅನಿಸುತ್ತಿತ್ತು. ಅದಕ್ಕೇ ಅವಳಿಗೆ ಈ ಹಾರ್ನ್ ಬೇಕಾಗಿತ್ತು. ಊರಿಗೆ ಊರೇ ಕೇಳಲೇಬೇಕು, ಬಿಟ್ಟು ಹೋಗುವುದೆಲ್ಲಿಗೆ?

ಹಿಂದಿನ ವಾರ ಸಿಕ್ಕವಳನ್ನು ಅವಳು ಆರತಿಯ ಹೊತ್ತಿಗೆಂದೇ ತೆಗೆದಿಟ್ಟಿದ್ದಳು. ಫೋಟೊ ಇಲ್ಲ, ಊರಿಲ್ಲ. ಕಾಶವ್ವ ಎಂಬ ಹೆಸರು, ಸೋಬಾನ ಪದ ಎಂಬ ಎರಡು ಮಾತು, ಅಷ್ಟೆ. ಕೇಳಿದವರು ಬೆರಳೆಣಿಕೆಯ ಮಂದಿ. ಆ ಬೆರಳುಗಳಲ್ಲಿ ಹೆಚ್ಚಿನವು ತನ್ನವೇ ಇರಬೇಕೆಂದು ಅಮೀರಾಳ ಅನುಮಾನ.

ಬಿಸಿಲು ಏರುವ ಹೊತ್ತಿಗೆ ಅಂಗಳದ ಚಪ್ಪರದಡಿ ಹೆಣ್ಣುಮಕ್ಕಳು ಕಿಕ್ಕಿರಿದು ಕೂತರು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಮಮತಾಳನ್ನು ತಂದು ಮಣೆಯ ಮೇಲೆ ಕೂರಿಸಿದರು. ಮುತ್ತೈದೆಯರು ಆರತಿ ತಟ್ಟೆ ಎತ್ತಿದರು. ಮುಂದೆಯೇ ಕೂತಿದ್ದ ಶಾರದವ್ವ ಎಂಬ ಹಿರಿಯಳು ಸೆರಗು ಸರಿಮಾಡಿಕೊಂಡು, ಕೆಮ್ಮಿ, ಬಾಯಿ ತೆರೆದಳು. ಅಮೀರಾ ತಟ್ಟೆಯನ್ನಷ್ಟೇ ನೋಡುತ್ತಿದ್ದಳು. ಇದೇ ತನ್ನ ಗಳಿಗೆಯೆಂದು ಗುಂಡಿ ತಿರುವಿದಳು.

*ಆಡಿದ ಅಂಗಳಕ ಹಸರುಟ್ಟು ಬಂದಾಳ,*
*ಹುಣಸಿಯ ಚಿಗುರಿಗೆ ಮನಸಿಟ್ಟ ಮಗಳವ್ವ…*

ಕಾಶವ್ವನ ದನಿ ಬೇವಿನ ಮರದಿಂದ ಇಳಿಯಿತು. ಶಾರದವ್ವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆರತಿ ತಟ್ಟೆ ನಡುವೆಯೇ ನಿಂತಿತು.

ಮಮತಾಳ ತಾಯಿ ಹನಮಂತವ್ವ ದಡದಡನೆ ಎದ್ದು ಬಂದಳು. "ಏನವಾ ಹುಡುಗಿ, ನಮ್ಮ ಊರಾಗ ಹಾಡಾವ್ರಿಗೆ ಬರ ಬಿದ್ದೈತೇನು? ಆರತಿ ಎತ್ತಿದಾಗ ಮೈಕ್ ಬಂದ್ ಮಾಡಬೇಕನ್ನೂದು ನಿಮ್ಮಪ್ಪ ಹೇಳಿಲ್ಲೇನು?"

ಅಪ್ಪ ಹೇಳಿರಲಿಲ್ಲ. ಆರತಿ ಎತ್ತಿದರೆ ಅವನ ಕೈ ತಾನಾಗಿಯೇ ಗುಂಡಿ ಇಳಿಸುತ್ತಿತ್ತು, ಹೇಳುವ ಮಾತು ಅದೆಂದು ಅವನಿಗೆ ಹೊಳೆದಿರಲೂ ಇಲ್ಲ. ಅಮೀರಾ ಕಂಡದ್ದೆಲ್ಲ ಪೇಟೆಯ ಕಲ್ಯಾಣ ಮಂಟಪಗಳು. ಅಲ್ಲಿ ಯಾರೂ ಹಾಡುವುದಿಲ್ಲ, ಪೆಟ್ಟಿಗೆಯೇ ಹಾಡಬೇಕು. ಹಿರೇವಡ್ಡಟ್ಟಿಯಲ್ಲಿ ಶಾರದವ್ವ ಹಾಡದೆ ಒಂದು ಕುಬಸವೂ ಆದದ್ದಿಲ್ಲ. ಮಮತಾ ಹೊಟ್ಟೆಯಲ್ಲಿದ್ದಾಗ ಹನಮಂತವ್ವನಿಗೂ ಅವಳೇ ಹಾಡಿದ್ದಳು.

ಅಮೀರಾಳ ಮುಖ ಕೆಂಪಾಯಿತು. ಇನ್ನು ಶಾಹಬಾಜನೇ ಕೂರುವುದು ಗ್ಯಾರಂಟಿ. ಅದಕ್ಕಿಂತ ಹೆಚ್ಚಾಗಿ, ಪಾಪ, ಕಾಶವ್ವನನ್ನು ಕರೆತಂದು ಜನರ ಮುಂದೆ ಬೈಸಿದಂತಾಯಿತಲ್ಲ ಎಂದು ಅವಳಿಗೆ ಅಳುವೇ ಬಂತು. ಕೈ ಗುಂಡಿಯ ಕಡೆ ಹೋಯಿತು.

"ತಡಿ," ಎಂದಳು ಶಾರದವ್ವ.

ಎರಡು ಸಾಲು ಹಾಡಿದ ಕಾಶವ್ವ ಅಷ್ಟೊತ್ತಿಗೆ ಸುಮ್ಮನಾಗಿದ್ದಳು. ಹಾರ್ನಿನಲ್ಲಿ ಬರೀ ಯಾರದೋ ಮನೆಯ ಮೌನ, ಅದರೊಳಗೆ ದೂರದಲ್ಲೊಂದು ಕೋಳಿ ಕೂಗಿದ ಸದ್ದು. ಆಮೇಲೆ ಮತ್ತೆರಡು ಸಾಲು. ಮತ್ತೆ ಮೌನ.

"ಮುದುಕಿ ಇರಬೇಕ್ರಿ ಆಯಿ, ದಮ್ಮು ಹತ್ತತೈತೇನೋ," ಎಂದಳು ಅಮೀರಾ, ಕಾಶವ್ವನ ಪರವಾಗಿ ಕ್ಷಮೆ ಕೇಳುವಂತೆ.

"ದಮ್ಮಲ್ಲವಾ ಅದು." ಶಾರದವ್ವ ಮರದ ಕಡೆ ಮುಖ ಎತ್ತಿಯೇ ಇದ್ದಳು. "ಒಬ್ಬಾಕಿನ ಕುಂತು ಹಾಡ್ಯಾಳ. ಹಿಂದ ಹಾಡಾವ್ರು ಯಾರೂ ಇಲ್ಲ. ಆದ್ರೂ ನೋಡು, ಅವರು ಹಾಡಿ ಮುಗಿಸೂತನಕ ಕಾಯತಾಳ."

ಮುಂದಿನ ಎರಡು ಸಾಲು ಬಂದವು, ಮುಗಿದವು. ಶಾರದವ್ವ ಕಣ್ಣು ಮುಚ್ಚಿ ಆ ಸಾಲುಗಳನ್ನೇ ಎತ್ತಿ ತಿರುಗಿ ಹಾಡಿದಳು. ಅವಳ ದನಿ ಒರಟು, ನಡುವೆ ಒಡಕು. ಆದರೆ ಸರಿಯಾಗಿ ಕಾಶವ್ವ ಬಿಟ್ಟಷ್ಟೇ ಹೊತ್ತಿಗೆ ಮುಗಿಯಿತು. ಮರದ ಮೇಲಿನಿಂದ ಮುಂದಿನ ಸಾಲು ಬಂತು. ಈ ಸಲ ಹಿಂದೆ ಹಾಡಿದವರು ಅಂಗಳದ ಹೆಣ್ಣುಮಕ್ಕಳೆಲ್ಲ. ಯಾರಿಗೂ ಗೊತ್ತಿರದ ಪದ, ಆದರೂ ಕೇಳಿದ ಕೂಡಲೇ ನಾಲಗೆಗೆ ಹತ್ತುತ್ತಿತ್ತು. ನಿಂತಿದ್ದ ಆರತಿ ತಟ್ಟೆ ಮತ್ತೆ ಸುತ್ತತೊಡಗಿತು. ಹನಮಂತವ್ವ ಬೈಯಲು ಬಂದವಳು ಮೇಜು ಹಿಡಿದು ನಿಂತಲ್ಲೇ ಸೊಲ್ಲು ಎತ್ತಿಕೊಂಡಳು. ಮಮತಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

ಆ ಪದವನ್ನು ಅಮೀರಾ ಬಾಯಿಪಾಠವಾಗುವಷ್ಟು ಕೇಳಿದ್ದಳು. ಕೇಳಿಯೇ ಇರಲಿಲ್ಲವೆಂದು ಈಗ ತಿಳಿಯಿತು.

ಪದ ಮುಗಿದ ಮೇಲೆ ಶಾರದವ್ವ ಮೇಜಿನ ಹತ್ತಿರ ಬಂದಳು. ಮೊದಲು ಬೈದಳು. "ಇನ್ನೊಮ್ಮೆ ಹಿಂಗ ಮಾಡೀಯ ಮತ್ತ! ಆರತಿ ಎತ್ತಿದ್ರ ನಾವು ಹಾಡಾವ್ರು. ತಿಳೀತಿಲ್ಲೋ?"

"ತಪ್ಪಾತ್ರಿ ಆಯಿ."

"ಯಾವೂರಾಕಿ ಈಕಿ?"

"ಗೊತ್ತಿಲ್ರಿ. ಕಾಶವ್ವ ಅಂತ ಹೆಸರಷ್ಟ ಐತಿ."

"ನಾವು ಹಿಂದ ಹಾಡಿದ್ದು ಆಕಿಗೆ ಕೇಳತೈತೇನು?"

ಅಮೀರಾ ಇಲ್ಲವೆಂದು ತಲೆಯಾಡಿಸಿದಳು. ಶಾರದವ್ವನಿಗೆ ಅದು ಸರಿಬೀಳಲಿಲ್ಲ. ಇಷ್ಟೆಲ್ಲ ಮಾಡಿದವರು ಅದೊಂದನ್ನು ಮಾಡಬಾರದಿತ್ತೇ ಎನ್ನುವಂತೆ ಫೋನನ್ನು ಒಮ್ಮೆ ದುರುಗುಟ್ಟಿ ನೋಡಿದಳು.

"ಇಂಥಾವ್ರು ಇನ್ನೂ ಅದಾರೇನು ಇದರಾಗ?"

"ಭಾಳ ಮಂದಿ ಅದಾರ್ರಿ. ಆದ್ರ ಅವರ ಮಾತು ನಮಗ ತಿಳಿಯೂದಿಲ್ಲ. ದೂರ ದೂರದಾವ್ರು."

"ಅಷ್ಟು ದೂರದಿಂದ ಬಂದಾರಂದ್ರ ಹೊರಗ ಯಾಕ ನಿಲ್ಲಸೀದಿ? ಒಬ್ಬೊಬ್ಬಾಕೀನ ಕರಿ."

ಊಟಕ್ಕೆ ಏಳಿರೆಂದು ಒಳಗಿನಿಂದ ಯಂಕಪ್ಪ ಕೂಗುತ್ತಿದ್ದ. ಯಾರೂ ಏಳಲಿಲ್ಲ. ಶಾರದವ್ವ ಹೋಗಿ ಜಮಖಾನದ ಮೇಲೆ ಕೂತು, ಕಾಲು ಮಡಚಿಕೊಂಡು, ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಒತ್ತಿ ಸರಿದರು. ಯಾರನ್ನು ಮೊದಲು ಕರೆಯಬೇಕೆಂದು ತಿಳಿಯದೆ ಅಮೀರಾಳ ಹೆಬ್ಬೆರಳು ಫೋನಿನ ಗಾಜಿನ ಮೇಲೆ ಹೆಸರಿನಿಂದ ಹೆಸರಿಗೆ ಓಡಾಡಿತು.