ಗಂಗಿಯ ತಾರಿಮನೆ

ಹೊಳೆಗೆ ಸೇತುವೆ ಬಂದು, ಜನರನ್ನು ದಡ ದಾಟಿಸುತ್ತಿದ್ದ ತಾರಿದೋಣಿ ನಿಂತುಹೋಗಿ ಒಂದು ತಲೆಮಾರೇ ಕಳೆದಿತ್ತು. ಗಂಗಿಗೆ ಅದು ಗೊತ್ತಿಲ್ಲವೆಂದಲ್ಲ. ಅದೇ ಸೇತುವೆಯ ಮೇಲೆ ಟೆಂಪೋದಲ್ಲಿ ಮೀನಿನ ಬುಟ್ಟಿ ಸಾಗಿಸಿದವಳೇ ಅವಳು. ಈಗ ಮರೆತಿದ್ದಳು, ಅಷ್ಟೆ. ಬಿಸಿಲು ಇಳಿಯುತ್ತಲೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಚೆ ದಡದ ತವರಿಗೆ ಹೊರಟೆ ಎಂದು ಹೊಳೆಯ ದಾರಿ ಹಿಡಿಯುವಳು. ಹಗಲೆಲ್ಲ ನೆರೆಮನೆಯ ಬೆಳ್ಳಿ ನೋಡಿಕೊಳ್ಳುತ್ತಿದ್ದಳು. ಸಂಜೆಯ ಪಾಳಿ ಮಗಳು ಮಾಲತಿಯದು. ಕುಮಟೆಯ ಸೊಸೈಟಿಯಲ್ಲಿ ಕ್ಲಾರ್ಕು ಕೆಲಸ ಮುಗಿಸಿ ಬಂದವಳಿಗೆ ಕಾಲು ತೊಳೆಯಲೂ ಪುರುಸೊತ್ತಿರುತ್ತಿರಲಿಲ್ಲ, ತಾಯಿಯ ಬೆನ್ನಿಗೆ ಹೊರಡಬೇಕಾಗುತ್ತಿತ್ತು.

ಗಂಗಿ ಹೋಗಿ ಕೂರುತ್ತಿದ್ದುದು ದಡದ ಹಳೇ ತಾರಿಮನೆಯಲ್ಲಿ. ಕೆಂಪುಕಲ್ಲಿನ ಗೋಡೆ, ಸುತ್ತ ಕಲ್ಲಿನ ಜಗಲಿ, ಮೇಲೆ ಮಂಗಳೂರು ಹಂಚು. ತಾರಿಗೆ ಕಾಯುವವರಿಗೆಂದು ತೋಟದ ಕಮಲಾಕರ ಹೆಗಡೆಯವರ ಅಜ್ಜ ಕಟ್ಟಿಸಿದ್ದು. ಅಲ್ಲಿಯದೊಂದು ಕಟ್ಟಳೆಯಿತ್ತು. ಹೊರೆ ಹೊತ್ತು ಬಂದವರು ಬಾಯಿಬಿಟ್ಟು ಕೇಳುವ ಮೊದಲೇ, ಕೈ ಖಾಲಿ ಕೂತವರು ಎದ್ದು ಅದನ್ನು ಇಳಿಸಬೇಕು. ಅಡಿಕೆ ಮೂಟೆಯಾಗಲಿ, ಭಟ್ಕಳದ ಜವಳಿ ಗಂಟಾಗಲಿ, ನೀರು ಸೋರುವ ಮೀನಿನ ಬುಟ್ಟಿಯಾಗಲಿ. ಮಡಿ ಕೆಟ್ಟಿತು ಎನ್ನುವವರು ಇಳಿಸಿಯಾದ ಮೇಲೆ ಮುಳುಗು ಹಾಕಿಕೊಳ್ಳಲಿ, ಹೊಳೆ ಎದುರಿಗೇ ಇತ್ತಲ್ಲ! ತಲೆಯ ಭಾರವನ್ನು ಒಬ್ಬರೇ ಇಳಿಸಲು ಹೋದರೆ ಕುತ್ತಿಗೆ ಉಳುಕುತ್ತದೆಂಬುದು ಎಲ್ಲ ಜಾತಿಯವರಿಗೂ ಗೊತ್ತಿದ್ದ ಸಂಗತಿ.

ಈಗ ಆ ಮನೆಗೆ ಹೇಳುವವರು ಕೇಳುವವರು ಇರಲಿಲ್ಲ. ಜಂತಿಗೆ ಗೆದ್ದಲು ಹಿಡಿದಿತ್ತು. ಒಂದು ಸಂಜೆ ಗಂಗಿಯ ಮಗ್ಗುಲಿಗೇ ಹಂಚು ಬಿತ್ತು. ಸುದ್ದಿ ತಿಳಿದು ಹೆಗಡೆಯವರು ಬಂದರು.

“ಇದನ್ನ ಕೆಡಗಿ ಹಾಕೂದೇ ಒಳ್ಳೇದು ಮಾಲತಿ. ನಾಳೆ ಯಾರಾದ್ರೂ ಸತ್ರೆ ನನ್ನ ತಲೆಗೆ ಬತ್ತದೆ.”

“ಕೆಡಗಿದ್ರೆ ಅವ್ವಿ ಎಲ್ಲಿ ಕೂತ್ಕಂತದೆ ಹೆಗಡೇರೆ? ಸೀದಾ ನೀರಿಗೆ ಇಳೀತದೆ.”

ಮಾಲತಿಯ ಭಯವೆಲ್ಲ ಅದೇ. ತಾರಿಮನೆ ಇದ್ದರೆ ತಾಯಿ ಅಲ್ಲಿಗೆ ನಿಲ್ಲುತ್ತಾಳೆ. ಅದು ಹೋದರೆ ಮುಂದಿರುವುದು ಕೆಸರು, ಆಮೇಲೆ ಹೊಳೆ. ಬಾಗಿಲಿಗೆ ಬೀಗ ಹಾಕು ಎಂದು ನೆಂಟರೆಲ್ಲ ಹೇಳಿಯಾಗಿತ್ತು. ಬುಟ್ಟಿ ಹೊತ್ತು ಊರೂರು ತಿರುಗಿ ತನ್ನನ್ನು ಓದಿಸಿದವಳನ್ನು ಕೂಡಿಹಾಕಲು ಅವಳಿಗೆ ಮನಸ್ಸು ಬರಲಿಲ್ಲ.

ಹೆಗಡೆಯವರು ಗೊಣಗುವುದು ಜಾಸ್ತಿ, ಕರಗುವುದು ಅದಕ್ಕಿಂತ ಜಾಸ್ತಿ. “ಆತು, ಮರ ನಮ್ಮ ತೋಟದ್ದು ಕೊಡ್ತೆ, ಮುಂದಿಂದು ನೀವು ನೋಡ್ಕಳ್ಳಿ” ಎಂದರು. ಗಾರೆ ಕೆಲಸದ ನಾಗ ಬಂದ. ಹಿಂದೆಂದೋ ಯಾರೋ ಮೆತ್ತಿದ್ದ ಸಿಮೆಂಟು ಕಿತ್ತರೆ ಒಳಗಿನ ಕಲ್ಲು ಬೆವರಿ ಪುಡಿಯಾಗಿತ್ತು. ಸುಣ್ಣದ ಗಾರೆಯೇ ಆಗಬೇಕೆಂದ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು ಚಿಪ್ಪು ತಂದು ರಾಶಿ ಹಾಕಿದರು. ಅದನ್ನು ಸುಟ್ಟು ಸುಣ್ಣ ಮಾಡಿ, ಬೆಲ್ಲದ ನೀರು ಬೆರೆಸಿ, ಊರವರು ಸರದಿಯ ಮೇಲೆ ಅರೆದುಕೊಟ್ಟರು. ಮಾಲತಿ ರಜೆ ಹಾಕಿ ನಿಂತಳು. ಗೋಡೆ ಬೆಳ್ಳಗಾಗುತ್ತ ಹೋದ ಹಾಗೆ ತಾಯಿಯೇ ಚೇತರಿಸಿಕೊಳ್ಳುತ್ತಿರುವಂತೆ ಅನ್ನಿಸಿ ಅವಳಿಗೆ ಖುಷಿಯೋ ಖುಷಿ. ಅಷ್ಟು ದಿನವೂ ಬೆಳ್ಳಿ ಗಂಗಿಯನ್ನು ಹೇಗೋ ಮಾತಿನಲ್ಲೇ ಹಿಡಿದಿಟ್ಟಳು.

ಕೆಲಸ ಮುಗಿದ ಸಂಜೆ ಮಾಲತಿ ತಾಯಿಯ ಕೈಹಿಡಿದು ಕರೆತಂದಳು. ಗಂಗಿ ಮೆಟ್ಟಿಲಲ್ಲೇ ನಿಂತು ಒಳಗೆ ಇಣುಕಿದಳು.

“ಇದ್ಯಾರ ಮನಿ? ದೊಡ್ಡವರದ್ದು ಕಾಣ್ತದೆ.”

“ತಾರಿಮನಿ ಅವ್ವಿ. ನಿಂದೇ.”

“ಸುಳ್ಳು ಹೇಳ್ಬೇಡ. ತಾರಿಮನಿ ಇನ್ನೂ ಮುಂದದೆ.”

ಹಾಗೆಂದವಳೇ ಕೆಸರಿಗೆ ಇಳಿದಳು. ನಾಗ ಓಡಿಹೋಗಿ ಹಿಡಿದು ತಂದ. ಮರುದಿನವೂ ಅದೇ ಕತೆ, ಅದರ ಮರುದಿನವೂ ಅದೇ. ಪಾಚಿ ಹೋಗಿತ್ತು, ಬಾವಲಿಯ ವಾಸನೆ ಹೋಗಿತ್ತು, ಸೋರುವ ಮಾಡು ಹೋಗಿತ್ತು. ಅವುಗಳ ಜೊತೆಗೇ ತಾಯಿಯ ಗುರುತೂ ಹೋಗಿತ್ತು. ಉಳಿಸಿಕೊಡಲು ಹೋಗಿ ತಾನೇ ಅವಳಿಂದ ಕಿತ್ತುಕೊಂಡೆನಲ್ಲ ಎಂದುಕೊಂಡಳು ಮಾಲತಿ. ಶನಿವಾರ ಕುಮಟೆಯ ಪೇಟೆಯಲ್ಲಿ ಬೀಗ ಕೊಂಡಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಕಿಟಕಿಯತ್ತ ಮುಖಮಾಡಿ ಅತ್ತಳು.

ರವಿವಾರ ತಾರಿಮನೆಯ ಹಿಂದೆ ಉಳಿದಿದ್ದ ಒಡಕು ಹಂಚನ್ನು ಸಾಗಿಸಬೇಕಿತ್ತು. ನಾಗ ತುಂಬುವುದು, ಮಾಲತಿ ಹೊರುವುದು. ಗಂಗಿಯನ್ನು ಮನೆಯಲ್ಲಿ ಬಿಟ್ಟು ಬರುವಂತಿರಲಿಲ್ಲ. ಹೇಗೋ ಪುಸಲಾಯಿಸಿ ಜಗಲಿಯ ತುದಿಯಲ್ಲಿ ಕೂರಿಸಿದ್ದರು. ಗುರುತಿಲ್ಲದವರ ಮನೆಗೆ ಬಂದ ನೆಂಟರಂತೆ ಮುದುಡಿ ಕೂತಿದ್ದಳು. ಮಾಲತಿ ಹಳೇ ಸೀರೆಯ ಚೂರನ್ನು ಸಿಂಬೆ ಸುತ್ತಿ, ಹಂಚಿನ ಬುಟ್ಟಿಯನ್ನು ತಲೆಗೇರಿಸಿಕೊಂಡು ಬಂದಳು. ರೂಢಿಯಿಲ್ಲದ ಕುತ್ತಿಗೆ. ಜಗಲಿಯ ಎದುರಿಗೆ ಬರುವಷ್ಟರಲ್ಲಿ ನಡುಗಿತು, ನಿಂತಳು.

“ತಡಿ, ತಡಿ.”

ಗಂಗಿ ಎದ್ದಿದ್ದಳು.

“ಒಬ್ಳೇ ಇಳ್ಸಬೇಡ್ವೇ, ಕುತ್ಗಿ ಹೋಗ್ತದೆ.”

ಓಡಿ ಬಂದ ನಾಗನನ್ನು ಮಾಲತಿ ಕಣ್ಣಲ್ಲೇ ತಡೆದಳು. ಗಂಗಿಯ ಕೈಗಳು ಬುಟ್ಟಿಯ ಅಂಚು ಹಿಡಿದವು. ಆ ಕೈಗಳು ಏನನ್ನೂ ಮರೆತಿರಲಿಲ್ಲ. ಇಬ್ಬರೂ ಮೊಣಕಾಲು ಬಗ್ಗಿಸಿ, ಒಂದೇ ಉಸಿರಿಗೆ ಬುಟ್ಟಿಯನ್ನು ಜಗಲಿಗೆ ಇಳಿಸಿದರು. ಗಂಗಿ ಒಮ್ಮೆ ಸುತ್ತ ಕಣ್ಣಾಡಿಸಿದಳು. ಜಗಲಿಯ ಕಲ್ಲನ್ನು ಅಂಗೈಯಿಂದ ಸವರಿ ಕೂತಳು.

“ಕೂತ್ಕೋ. ತಾರಿ ಆಚೆ ದಡದಲ್ಲದೆ, ಬತ್ತದೆ. ಹೆಗಡೇರು ಸುಣ್ಣ ಹೊಡ್ಸಿದ್ರು ಕಾಣ್ತದೆ, ಚಂದ ಆಗದೆ.”

ಮಾಲತಿ ಪಕ್ಕದಲ್ಲಿ ಕೂತಳು.

“ಯಾರ ಮಗ್ಳೇ ನೀನು?” ಗಂಗಿ ಕೇಳಿದಳು.

“ಗಂಗಿ ಮಗ್ಳು.”

“ಗಂಗಿನಾ? ಗೊತ್ತು ಬಿಡು. ಬಾಯಿ ಜೋರು. ಹೆಂಗ್ಸು ಒಳ್ಳೇದು.”

“ಹೌದು,” ಎಂದಳು ಮಾಲತಿ, “ಭಾರೀ ಒಳ್ಳೇದು.”

ಆ ಬೀಗ ಕೋಳಿಗೂಡಿಗೆ ಹೋಯಿತು. ಈಗ ಸಂಜೆ ಬೆಳ್ಳಿಯೇ ಗಂಗಿಯನ್ನು ಜಗಲಿಗೆ ತಂದು ಕೂರಿಸುತ್ತಾಳೆ. ಅವರ ಹಿಂದೆಯೇ, ಸೊಸೈಟಿಯಿಂದ ಮರಳಿದ ಮಾಲತಿ ನಾಲ್ಕು ತೆಂಗಿನಕಾಯಿ ಹಾಕಿದ ಬುಟ್ಟಿ ಹೊತ್ತು ಬರುತ್ತಾಳೆ. ಊರಿನವರು ಮೊದಮೊದಲು ನಕ್ಕರು. ಆಮೇಲೆ ಹೆಗಡೆಯವರೇ ಒಂದು ದಿನ ಬಾಳೆಗೊನೆ ಹೊತ್ತು ಬಂದು ಗಂಗಿಯ ಎದುರು ನಿಂತರು. ನಗುವವರು ಸುಮ್ಮನಾದರು.

ಮೊನ್ನೆ ಬಸ್ಸು ತಡವಾಯಿತು. ಗಾಬರಿಯಲ್ಲಿ ಮನೆಯಿಂದ ಬುಟ್ಟಿ ಹೊತ್ತು ಓಡಿ ಬಂದ ಮಾಲತಿಗೆ, ಒಳಗೆ ಏನೂ ಹಾಕಿಲ್ಲವೆಂಬುದು ತಾಯಿಯ ಮುಂದೆ ನಿಂತ ಮೇಲೆಯೇ ನೆನಪಾದದ್ದು. ಗಂಗಿ ಎಂದಿನಂತೆ ಎದ್ದು, ಎರಡೂ ಕೈ ಹಚ್ಚಿ, ತುಂಬಿದ ಬುಟ್ಟಿಯಷ್ಟೇ ಜೋಪಾನವಾಗಿ ಅದನ್ನು ಇಳಿಸಿದಳು. ಒಳಗೆ ನೋಡಿದಳು.

“ಎಲ್ಲಾ ಮಾರಾಟ ಆತಾ?”

“ಆತು ಅವ್ವಿ.”

“ಹಂಗಾರೆ ಎಂತಕ್ಕೆ ಓಡ್ತೆ? ಕೂತ್ಕೋ,” ಎಂದು ಗಂಗಿ ತನ್ನ ಸೆರಗಿನಿಂದ ಮಗಳ ಹಣೆಯ ಬೆವರು ಒರೆಸಿದಳು.