ಖಾನಾಪುರದಾಗ ಏನ್ ಕೆಲಸ?

ಬಸ್ಸು ಪೀರನವಾಡಿ ದಾಟುವವರೆಗೆ ಜಿನಪಾಲರು ಹೇಗೋ ಬಾಯಿ ಬಿಗಿಹಿಡಿದು ಕೂತರು. ಆಮೇಲೆ ತಡೆಯಲಾಗಲಿಲ್ಲ. ಬಾಜು ಸೀಟಿನಲ್ಲಿ, ಮಡಿಲಲ್ಲಿ ಬಾಳೆಹಣ್ಣಿನ ಚೀಲ ಇಟ್ಟುಕೊಂಡಿದ್ದ ಹೆಂಗಸಿನ ಕಡೆ ತಿರುಗಿ ಕೇಳಿಯೇಬಿಟ್ಟರು.

“ಎಲ್ಲಿಗಿ ಹೊಂಟೀರಿ, ಯವ್ವಾ?”

“ಖಾನಾಪುರಕ್ರಿ.”

“ಏನ್ ಕೆಲಸ ಐತಿ ಅಲ್ಲೆ?”

ಕೇಳುವುದು ಅವರ ಹುಟ್ಟುಗುಣ. ಪಾತ್ರೆ-ಭಾಂಡೆ ಅಂಗಡಿಯಲ್ಲಿ ಕೂತಷ್ಟು ವರ್ಷವೂ, ದೊಡ್ಡ ಪಾತೇಲಿ ಕೊಳ್ಳಲು ಬಂದವರಿಗೆ ಯಾರ ಮನೆಯ ಮದುವೆ, ಹೆಣ್ಣು ಯಾವ ಊರಿನದು ಎಂದು ಕೇಳದೆ ಕಟ್ಟಿಕೊಟ್ಟವರಲ್ಲ. ಈಗ ಅಂಗಡಿ ಮಗ ಅತಿಶಯನ ಕೈಗೆ ಹೋಗಿತ್ತು. ಜಿನಪಾಲರಿಗೆ ಉಳಿದದ್ದು ರಾಮತೀರ್ಥ ನಗರದ ಗಾರ್ಡನ್ನಿನ ಒಂದು ಕಲ್ಲುಬೆಂಚು, ಅಲ್ಲಿ ಬೆಳಿಗ್ಗೆ ಸೇರುವ ನಾಲ್ಕಾರು ಗೆಳೆಯರು. ಅದಿಲ್ಲದಿದ್ದರೆ ದಿನ ತಳ್ಳುವುದೇ ಕಷ್ಟ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಬೆಂಚಿನಲ್ಲಿ ಬೇರೆ ಮಾತೇ ಇರಲಿಲ್ಲ. “ಕೆಲಸಿಲ್ಲ ಬೊಗಸಿಲ್ಲ, ಸುಮ್ನ ತಿರಗತಾರ. ಟ್ಯಾಕ್ಸ್ ತುಂಬಾವ್ರು ನಾವು,” ಎನ್ನುತ್ತಿದ್ದ ಶಶಿಧರ. ಜಿನಪಾಲರೂ ಹೂಂಗುಟ್ಟುತ್ತಿದ್ದರು. ಆದರೆ ಇಷ್ಟು ಮಂದಿ ಖರೇ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಅವರನ್ನು ಬಿಡಲೊಲ್ಲದು. ತಿಳಿದು ಬಂದು ಹೇಳುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟೇ ಇವತ್ತು ಬಸ್ಸು ಹತ್ತಿದ್ದರು.

ಹೆಂಗಸು ನಕ್ಕಳು. ಸಂಗವ್ವ ಅಂತ ಹೆಸರು ಹೇಳಿದಳು. “ಕೆಲಸ ಏನೂ ಇಲ್ರಿ ಅಪ್ಪಾರ. ಅಕ್ಕನ ಮಾರಿ ನೋಡಿ, ಒಂದ್ ಕಪ್ ಚಾ ಕುಡದು, ಸಂಜಿಕ ತಿರಗಿ ಬರಾಕಿ.”

“ಮೊದ್ಲನೂ ಹಿಂಗ ಹೋಗತಿದ್ರೇನು?”

“ಮೊದ್ಲ ಎಲ್ಲೀದ್ರಿ. ರೊಕ್ಕಾ ಕೊಟ್ಟು ಹೋಗಬೇಕಂದ್ರ ಕೆಲಸಾ ಇರಬೇಕಲ್ರಿ. ಲಗ್ನ ಇದ್ರ ಹೋಗೂದು, ಮಣ್ಣಿದ್ರ ಹೋಗೂದು. ಲಗ್ನದಾಗ ಗದ್ಲ, ಮಣ್ಣಿನಾಗ ಅಳು. ಮಾತಾಡೂದು ಯಾವಾಗ್ರಿ?”

ಜಿನಪಾಲರಿಗೆ ಮುಂದೆ ಕೇಳಲು ಏನೂ ತೋಚಲಿಲ್ಲ. ಹಾಗಾದದ್ದು ಅವರ ಆಯುಷ್ಯದಲ್ಲೇ ಅಪರೂಪ. ಖಾನಾಪುರ ಅವರ ಹೆಂಡತಿ ಅಕ್ಕಾತಾಯಿಯ ತವರು. ಮದುವೆಯಾದ ಹೊಸದರಲ್ಲಿ ಆಕೆ, ಒಂದು ಸಲ ಹೋಗಿ ಬರಲೇ ಎಂದು ಕೇಳಿದಾಗಲೆಲ್ಲ, ಊಟದ ತಾಟಿನಿಂದ ತಲೆಯೆತ್ತದೆ, “ಏನ್ ಕೆಲಸ ಐತಿ?” ಎನ್ನುತ್ತಿದ್ದರು. ಸಿಟ್ಟಿನಿಂದ ಅಲ್ಲ, ಲೆಕ್ಕದ ಮನುಷ್ಯ ಕೇಳುವ ಹಾಗೆ. ಆಕೆ ಇನ್ನೊಂದು ರೊಟ್ಟಿ ತರಲು ಒಳಗೆ ಹೋಗುತ್ತಿದ್ದಳು.

ಖಾನಾಪುರದ ಸ್ಟ್ಯಾಂಡಿನಲ್ಲಿ ಸಂಗವ್ವನ ಅಕ್ಕ ಕಾದಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಒಟ್ಟೊಟ್ಟಿಗೇ ಮಾತಾಡುತ್ತ ಹೋದರು. ಜಿನಪಾಲರು ಅದೇ ಬಸ್ಸಿನಲ್ಲಿ ಹಿಂದಿರುಗಿದರು. ಅವರಿಗೂ ಅಲ್ಲಿ ಕೆಲಸವಿರಲಿಲ್ಲ.

ಮರುದಿನ ಬೆಂಚು ಕಾದೇ ಇತ್ತು. “ಏನಂದ್ರಪಾ?” ಎಂದ ಶಶಿಧರ.

“ಕೆಲಸ ಏನೂ ಇಲ್ಲ ಅಂದ್ಲು.”

ಎಲ್ಲರೂ ಹೋ ಎಂದು ನಕ್ಕರು. “ನಾ ಅಂದಿದ್ನಿಲ್ಲ?” ಎಂದು ಶಶಿಧರ ತೊಡೆ ತಟ್ಟಿಕೊಂಡ. ಜಿನಪಾಲರು ಇಷ್ಟಕ್ಕೇ ಸುಮ್ಮನಾಗಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು.

“ಅಲ್ಲೋ, ನಾವು ದಿನಾ ಇಲ್ಲಿ ಏನ್ ಕೆಲಸಕ್ಕ ಬರತೇವಿ?”

“ನಾವೇನು ಸರಕಾರದ ರೊಕ್ಕದಾಗ ಬರತೇವೇನು?”

“ಗಾರ್ಡನ್ನಿಗೆ ಟಿಕೀಟ್ ಎಲ್ಲೈತಿ ಶಶಿಧರ?”

ಒಬ್ಬ ಮೊಬೈಲು ತೆಗೆದ. ಇನ್ನೊಬ್ಬ ಬೂಟಿನ ಲಾಡಿ ಬಿಚ್ಚಿ ಮತ್ತೆ ಕಟ್ಟಿದ. ಶಶಿಧರ ಎದ್ದು, “ನಡೀರಿ, ಒಂದ್ ಸುತ್ತು ಹಾಕೂಣು,” ಎಂದ. ಜಿನಪಾಲರ ಕಡೆ ಯಾರೂ ತಿರುಗಲಿಲ್ಲ. ತಮ್ಮ ಅಭಿಪ್ರಾಯ ಯಾವುದು, ಬೆಂಚಿನದು ಯಾವುದು ಎಂದು ಬೇರೆ ಮಾಡಿ ನೋಡುವ ಪ್ರಸಂಗ ಅವರಿಗೆ ಇಲ್ಲಿಯವರೆಗೆ ಬಂದಿರಲಿಲ್ಲ. ಗೆಳೆಯರು ಸುತ್ತು ಮುಗಿಸಿ ಬರಲಿಲ್ಲ. ಆ ಕಡೆಯ ಗೇಟಿನಿಂದಲೇ ಮನೆಗೆ ಹೋದರೆಂದು ಕಾಣುತ್ತದೆ. ಜಿನಪಾಲರೂ ಎದ್ದು ಮನೆಗೆ ನಡೆದರು.

ಮನೆಯಲ್ಲಿ ಅಕ್ಕಾತಾಯಿ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ನಾಳಿ ಖಾನಾಪುರಕ್ಕ ಹೋಗಿ ಬರೂಣೇನು? ಬಸ್ಸಿನಾಗ?”

ಆಕೆ ತಲೆಯೆತ್ತಿ ನೋಡಿದಳು. ತಾಯಿ ತೀರಿ ಬಹಳ ವರ್ಷವಾಗಿತ್ತು. ಆಕೆಯ ತಮ್ಮ ಖಾನಾಪುರದ ಮನೆ ಮಾರಿ ಸಾಂಗಲಿ ಸೇರಿದ್ದ.

“ಅಲ್ಲೆ ಈಗ ಏನ್ ಕೆಲಸ ಐತ್ರಿ?”

ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಜಿನಪಾಲರು ಆಕೆಯ ಎದುರು ಮೆಲ್ಲಗೆ ಕೂತು ಒಂದು ಕಾಯಿ ಎತ್ತಿಕೊಂಡರು. ಕಾಳು ಬುಟ್ಟಿಗೆ ಹಾಕಿದರು. ಸಿಪ್ಪೆ ಎಲ್ಲಿ ಹಾಕಬೇಕೋ ತಿಳಿಯಲಿಲ್ಲ. ಕೇಳಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡು ಇನ್ನೊಂದು ಕಾಯಿಗೆ ಕೈ ಚಾಚಿದರು.